ಹೂವಿನ ಜೊತೆ ನೆಲವೂ ಬರಲಿ

ಬೋನಾಳಕ್ಕೆ ಕ್ಯಾಮೆರಾ ಹೊತ್ತು ಬರುವವರು ಸಾಮಾನ್ಯವಾಗಿ ಕತ್ತೆತ್ತಿಯೇ ಇರುತ್ತಾರೆ. ಸುರಪುರದ ನಾಯಕ ಅರಸರ ಕಾಲದ ಈ ಕೆರೆ ಪಕ್ಷಿಧಾಮವೆಂದೇ ಹೆಸರಾದದ್ದು. ಚಳಿಗಾಲದ ವಲಸೆ ಹಕ್ಕಿಗಾಗಿ ಮೊಳದುದ್ದದ ಲೆನ್ಸ್ ತಂದವರು ಕಾಲ ಬುಡ ನೋಡಲಿಲ್ಲವೆಂದರೆ ತಪ್ಪು ಹೇಳುವಂತಿಲ್ಲ. ಆದರೆ ನೀರು ಬಿಟ್ಟು ಹೊರಟರೆ ಸುರಪುರ, ಶಹಾಪುರದ ಸೀಮೆಯ ನಿಜವಾದ ನೆಲ ಸಿಗುತ್ತದೆ: ಬಂಡೆಗುಡ್ಡ, ಅದರ ಬುಡದ ಗರಸು, ಅದರಾಚೆ ಎರೆ ಹೊಲ. ಇದು ಮರುಭೂಮಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆಯ ನಾಡನ್ನು ಮರುಭೂಮಿ ಎನ್ನುವುದು ವಾಡಿಕೆ; ಇಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಆದರೆ ಬೀಳುವುದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ ಮುಗಿದು, ಉಳಿದ ಕಾಲವೆಲ್ಲ ನೆಲ ಕಾಯುತ್ತದೆ. ಹಾಗಾಗಿ ಇಲ್ಲಿನ ಸಣ್ಣ ಗಿಡಗಳು ಬದುಕುವ ರೀತಿ ಮರುಭೂಮಿಯ ಗಿಡಗಳದ್ದೇ: ನೀರಿರುವಾಗ ಅವಸರವಸರವಾಗಿ ಹೂಬಿಟ್ಟು, ಬೀಜ ಕಟ್ಟಿ, ಕಣ್ಮರೆಯಾಗುವುದು. ಇಂಥ ಹೂವಿನ ಚಿತ್ರದಲ್ಲಿ ನೆಲ ಕಾಣದಿದ್ದರೆ ಆ ಚಿತ್ರ ಅರ್ಧವೇ ಎಂಬುದು ನನ್ನ ವಾದ. ಈಗ ಚಾಲ್ತಿಯಲ್ಲಿರುವ ಶೈಲಿ ಇದಕ್ಕೆ ತದ್ವಿರುದ್ಧ. ಹಿನ್ನೆಲೆಯನ್ನೆಲ್ಲ ಬೆಣ್ಣೆಯಂತೆ ಕರಗಿಸಿ ಹೂವೊಂದನ್ನೇ ತೇಲಿಬಿಡುವುದು.

ಮೊದಲು ಕಾಲದ ಮಾತು. ಕ್ಯಾಲಿಫೋರ್ನಿಯಾದ ಮರುಭೂಮಿ ಮಾರ್ಚಿನಲ್ಲಿ ಅರಳುತ್ತದೆ ಎಂದು ಓದಿದವರು ಇಲ್ಲಿಯೂ ಯುಗಾದಿಯ ಹೊತ್ತಿಗೆ ಹೊರಟರೆ ಬಿರುಕುಬಿಟ್ಟ ಎರೆಮಣ್ಣಷ್ಟೇ ಕಂಡೀತು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಅದಕ್ಕೇ ಹೂವು ವಸಂತದಲ್ಲಿ. ಕಾರಣ ವಸಂತವಲ್ಲ, ನೀರು. ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ ಕಳೆದ ಶತಮಾನದ ನಡುವಿನಲ್ಲಿ ಡೆತ್ ವ್ಯಾಲಿಯ ಬೀಜಗಳನ್ನು ಪರೀಕ್ಷಿಸಿ ಸೊಗಸಾದ ಸಂಗತಿಯೊಂದನ್ನು ತೋರಿಸಿದ. ಬರಿಯ ತುಂತುರಿಗೆ ಅವು ಮೊಳೆಯುವುದಿಲ್ಲ. ಮೊಳಕೆ ತಡೆಯುವ ರಾಸಾಯನಿಕ ಕೆಲವು ಬೀಜಗಳ ಸಿಪ್ಪೆಯಲ್ಲೇ ಇರುತ್ತದೆ, ಅದು ತೊಳೆದು ಹೋಗುವಷ್ಟು ಹದವಾದ ಮಳೆಯೇ ಬೇಕು. ಅಂದರೆ ಬೀಜವೇ ಮಳೆ ಅಳೆಯುತ್ತದೆ. ನಮ್ಮ ಸೀಮೆಯಲ್ಲಿ ಫಾಲ್ಗುಣ, ಚೈತ್ರ ಮರಗಳ ಪಾಲು. ಆಳಕ್ಕೆ ಬೇರು ಇಳಿಸಿದ ಮುತ್ತುಗ ಎಲೆ ಉದುರಿಸಿ ಕೆಂಡದ ಹಾಗೆ ನಿಲ್ಲುವುದು ಆಗ, ಹೋಳಿಗೆ ಬಣ್ಣ ಕೊಡುವುದೂ ಆಗಲೇ. ನೆಲದ ಹೂವಿನ ವಸಂತ ಬರುವುದು ಹುಬ್ಬಿ, ಉತ್ತರಿ ಮಳೆ ಬಿದ್ದ ಮೇಲೆ. ಇದಕ್ಕೆ ಪುಸ್ತಕದ ಸಾಕ್ಷಿಯೇ ಬೇಕೆಂದಿಲ್ಲ. ಗಡಿಯಾಚೆ ತೆಲಂಗಾಣದಲ್ಲಿ ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನದ ಹಬ್ಬದಲ್ಲಿ ಹೆಣ್ಣುಮಕ್ಕಳು ಬತುಕಮ್ಮ ಎಂಬ ಹೂಗೋಪುರ ಪೇರಿಸುವುದು ಅಡವಿಯ ಹೂವಿನಿಂದಲೇ. ಅದರಲ್ಲಿ ಮುಖ್ಯವಾದವು ತಂಗಡಿ ಮತ್ತು ಹೊಲದ ಅಣ್ಣೆ ಹೂವು. ಆ ಹೆಣ್ಣುಮಕ್ಕಳು ಹೂವಿಗೆ ಹೋಗುವ ದಿನಗಳೇ ಛಾಯಾಗ್ರಾಹಕನ ಪಂಚಾಂಗ.

ಇನ್ನು ನೆಲದ ಮಾತು. ತಂಗಡಿಯ ಒಂದು ಗೊಂಚಲನ್ನು ಮಾತ್ರ ತೆಗೆದರೆ ಸಿಗುವುದು ಚೆಂದದ ಹಳದಿ, ಯಾವ ಊರಿನದಾದರೂ ಆದೀತು. ಅದೇ ಗಿಡವನ್ನು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ: ಸುತ್ತಲಿನ ಹುಲ್ಲು ಬುಡಮಟ್ಟ ಮೇಯ್ದಿದೆ, ತಂಗಡಿ ಮಾತ್ರ ಎದೆಯುದ್ದ ನಿಂತಿದೆ. ದನ, ಆಡು ಅದಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಆ ಹಳದಿಯೆಲ್ಲ ಉಳಿದದ್ದು ಹೇಗೆ ಎಂಬ ಕಥೆ ಚಿತ್ರದಲ್ಲಿ ಬಂದದ್ದು ಹಿಂದೆ ಸರಿದ ಮೇಲೆ. ನೆಗ್ಗಿಲು ಇನ್ನೂ ಒಳ್ಳೆಯ ಉದಾಹರಣೆ. ಐದು ದಳದ, ಬೆರಳ ತುದಿಯಷ್ಟೇ ಹಳದಿ ಹೂವು. ಗಿಡ ಮೇಲೇಳುವುದೇ ಇಲ್ಲ. ನಡುವಿನ ಒಂದೇ ಬೇರಿನಿಂದ ಬಂಡಿಚಕ್ರದ ಅರೆಕಾಲುಗಳಂತೆ ನಾಲ್ಕೂ ಕಡೆ ನೆಲಕ್ಕೆ ಒತ್ತಿ ಹರಡುತ್ತದೆ. ಎಲೆಯ ಮೇಲೆ ಬೆಳ್ಳಿಯ ನವಿರು. ಹೂವು ಉದುರಿದಲ್ಲೇ ಮುಳ್ಳಿನ ಕಾಯಿ, ಬರಿಗಾಲಿಗೂ ಸೈಕಲ್ ಟೈರಿಗೂ ಪರಿಚಯವಾದದ್ದು. ಹೂವು, ಎಳೆಗಾಯಿ, ಬಲಿತ ಮುಳ್ಳು, ಅದರಡಿಯ ಗರಸು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಹಿಡಿಯುತ್ತವೆ. ಇಷ್ಟು ಸಿಗುತ್ತಿರುವಾಗ ಹೂವೊಂದನ್ನೇ ಕತ್ತರಿಸಿಕೊಳ್ಳುವುದೇಕೆ?

ಈ ವಿಚಾರಕ್ಕೆ ಸುರಪುರದಲ್ಲೇ ಒಂದು ಹಳೆಯ ಮಾದರಿಯಿದೆ, ಹೂವಿನದಲ್ಲ, ಕಲ್ಲಿನದು. 1840ರ ದಶಕದಲ್ಲಿ ಇಲ್ಲಿಗೆ ಆಡಳಿತಕ್ಕೆ ಬಂದ ಮೆಡೋಸ್ ಟೇಲರ್ ಈ ಸೀಮೆಯ ಪ್ರಾಚೀನ ಕಲ್ಗೋರಿಗಳನ್ನು ಅಗೆಸಿದ. ಸಿಕ್ಕ ಮಡಕೆ, ಎಲುಬುಗಳನ್ನಷ್ಟೇ ಬರೆದಿಡದೆ, ಅವು ಯಾವ ಮಣ್ಣಿನ ಪದರದಲ್ಲಿ, ಎಷ್ಟು ಆಳದಲ್ಲಿ ಇದ್ದವೆಂದು ನೆಲವನ್ನು ಸೀಳಿ ತೋರಿಸಿದಂತೆ ಚಿತ್ರ ಬರೆದ. ನೂರು ವರ್ಷದ ಮೇಲೆ ಮಾರ್ಟಿಮರ್ ವೀಲರ್ ಎಂಬ ಪುರಾತತ್ವಜ್ಞ ಮೆಚ್ಚಿಕೊಂಡದ್ದು ಆ ಸೀಳುಚಿತ್ರಗಳನ್ನೇ. ವಸ್ತುವನ್ನು ಅದರ ನೆಲದಿಂದ ಬಿಡಿಸಿದರೆ ಅರ್ಥವೂ ಬಿಟ್ಟುಹೋಗುತ್ತದೆ ಎಂಬುದು ಟೇಲರನಿಗೆ ಗೊತ್ತಿತ್ತು.

ಕೈಗೆಲಸದ ವಿಷಯಕ್ಕೆ ಬಂದರೆ ಎರೆ ನೆಲ ಕ್ಯಾಮೆರಾವನ್ನು ಸರಿಯಾಗಿ ಏಮಾರಿಸುತ್ತದೆ. ಬೆಳಕಿನ ಮೀಟರು ಎದುರಿಗಿದ್ದದ್ದೆಲ್ಲ ನಡುಬೂದು ಎಂದುಕೊಂಡೇ ಲೆಕ್ಕ ಹಾಕುತ್ತದೆ. ಚೌಕಟ್ಟಿನ ಮುಕ್ಕಾಲು ಪಾಲು ಕರಿಮಣ್ಣಿದ್ದರೆ ಬೆಳಕು ಸಾಲದೆಂದು ಹೆಚ್ಚು ಬಿಡುತ್ತದೆ. ಮಣ್ಣು ಬೂದಿಯಾಗುತ್ತದೆ, ತುಂಬೆಯ ಬಿಳಿ ಹೂವು ಸುಣ್ಣದ ಚುಕ್ಕೆಯಾಗುತ್ತದೆ. ಒಂದು ಸ್ಟಾಪ್ ಇಳಿಸಿಕೊಂಡರೆ ಸರಿಹೋಗುತ್ತದೆ. ಮೊಬೈಲಿನಲ್ಲಾದರೆ ಹೂವಿನ ಮೇಲೆ ಬೆರಳಿಟ್ಟು ಬೆಳಕಿನ ಗೀಟನ್ನು ಕೆಳಕ್ಕೆ ಎಳೆದರಾಯಿತು. ಹೊತ್ತೂ ಮುಖ್ಯ. ಶರ್ಟಿನ ಗುಂಡಿಗಿಂತ ಚಿಕ್ಕದಾದ ವಿಷ್ಣುಕ್ರಾಂತಿಯ ನೀಲಿ ಹೂವು ಬೆಳಿಗ್ಗೆ ಬಿಚ್ಚಿಕೊಂಡು ಬಿಸಿಲೇರಿದ ಮೇಲೆ ಮುದುಡುತ್ತದೆ, ಮಧ್ಯಾಹ್ನದ ಊಟ ಮುಗಿಸಿ ಬಂದವರಿಗೆ ಬರಿಯ ಬೂದು ಎಲೆ. ಲೆನ್ಸ್ ಹೂವಿನ ಮಟ್ಟಕ್ಕೆ ಇಳಿಯಬೇಕು, ಎಂದರೆ ಮನುಷ್ಯ ಮಣ್ಣಿನ ಮೇಲೆ ಬೋರಲಾಗಬೇಕು. ಸುತ್ತಲಿನ ಒಣಹುಲ್ಲನ್ನು ಕಿತ್ತು ಹಸನು ಮಾಡುವ ಚಾಳಿ ಮಾತ್ರ ಬೇಡ. ಆ ಒಣಹುಲ್ಲೂ ವಿಳಾಸದ ಭಾಗ.

ಆಕ್ಷೇಪಣೆಗಳಿಲ್ಲದೆ ಇಲ್ಲ. ಹತ್ತಿರದ ಚಿತ್ರ ತೋರಿಸುವ ಕೇಸರ, ಪರಾಗ, ಅಂಚಿನ ಇರುವೆ ದೂರದಿಂದ ಕಾಣುವುದೇ? ಕಾಣುವುದಿಲ್ಲ, ನಿಜ. ಅದಕ್ಕೇ ಎರಡನ್ನೂ ತೆಗೆಯಲಿ. ಒಂದನ್ನೇ ಉಳಿಸಬೇಕಾಗಿ ಬಂದಾಗ ಯಾವುದು ಎಂಬುದಷ್ಟೇ ತಕರಾರು. ಎಲೆ, ಕಾಯಿ, ನೆಲ ಇರುವ ಚಿತ್ರದಿಂದ ಗಿಡದ ಗುರುತು ಹಿಡಿಯಬಹುದು, ಮಸುಕಿನಲ್ಲಿ ತೇಲುವ ದಳದಿಂದ ಬಹಳ ಸಲ ಆಗುವುದಿಲ್ಲ. ಇವೆಲ್ಲ ಕಳೆ, ಕಿತ್ತೆಸೆಯುವಂಥವು ಎಂದು ರೈತ ಹೇಳಿದರೆ ಅವನ ಮಾತೂ ಸರಿಯೇ. ಅಣ್ಣೆ ಅವನ ಜೋಳದ ಸಾರ ಹೀರುತ್ತದೆ. ಮೆಕ್ಸಿಕೋ ಮೂಲದ ಹಳದಿ ದತ್ತೂರಿಯನ್ನು ನಮ್ಮದೆಂದು ಮೆರೆಸಬೇಕಾಗಿಯೂ ಇಲ್ಲ. ಆದರೆ ಯಾವುದು ಎಲ್ಲಿ ನುಗ್ಗುತ್ತಿದೆ ಎಂಬ ಲೆಕ್ಕಕ್ಕೂ ನೆಲವಿರುವ ಚಿತ್ರವೇ ಬೇಕು. ಗಟ್ಟಿಯಾದ ಆಕ್ಷೇಪಣೆ ಇನ್ನೊಂದು: ಜಾಗ ತೋರಿಸಿದರೆ ಜನ ಮುಗಿಬೀಳುತ್ತಾರೆ. 2019ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್ ಬಳಿಯ ವಾಕರ್ ಕಣಿವೆಯಲ್ಲಿ ಪಾಪಿ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳಲು ಬಂದವರ ದಂಡಿಗೆ ಊರೇ ಕಟ್ಟಿಹೋಯಿತು, ಹೂವು ಕಾಲಡಿ ಹೊಸಕಿಹೋಯಿತು. 2023ರಲ್ಲಿ ಆ ಕಣಿವೆಯನ್ನೇ ಮುಚ್ಚಬೇಕಾಯಿತು. ಆದರೆ ನೆಲ ತೋರಿಸುವುದು ಬೇರೆ, ದಾರಿ ತೋರಿಸುವುದು ಬೇರೆ. ಗರಸು, ಇಳಿಜಾರು, ಮೇಯ್ದ ಹುಲ್ಲು ಕಂಡರೆ ಸಾಕು. ಚಿತ್ರದೊಳಗೆ ಅಡಗಿರುವ ಜಿಪಿಎಸ್ ಅಂಕಿಗಳನ್ನು ಹಂಚುವ ಮುಂಚೆ ಅಳಿಸಬಹುದು.

ಬೋನಾಳದ ಸುತ್ತ ಈ ಕೆಲಸಕ್ಕೆ ಅವಸರವೂ ಇದೆ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಬಂದು ಈ ಸೀಮೆಯ ಎಷ್ಟೋ ಒಣಹೊಲ ಗದ್ದೆಯಾಗಿದೆ. ಬರ ಕಂಡವರು ಅದನ್ನು ಬೇಡವೆನ್ನಲಾರರು, ಎನ್ನಬೇಕಾಗಿಯೂ ಇಲ್ಲ. ಮಳೆಯನ್ನೇ ನಂಬಿದ ಹೂವು ಮಾತ್ರ ಒಡ್ಡಿಗೆ, ರಸ್ತೆಯ ಬದಿಗೆ, ಗುಡ್ಡದ ಬುಡಕ್ಕೆ ಸರಿದಿದೆ. ಅಂಥ ಒಂದು ಒಡ್ಡಿನ ಮೇಲೆ ಬೋರಲಾಗಿ ಲೆನ್ಸಿನ ಕಿಂಡಿ ಚಿಕ್ಕದು ಮಾಡಿದರೆ ಮುಂದೆ ಗರಸಿಗೆ ಅಂಟಿದ ನೆಗ್ಗಿಲು, ಅದರ ಹಿಂದೆ ಒಂದು ಮಾರು ದೂರದಲ್ಲಿ ನೀರು ನಿಂತ ಭತ್ತದ ಮಡಿ, ಎರಡೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತವೆ.