ಉಂಡ ಅನ್ನವೂ ವಂಶವಾಹಿಯೂ

ಕೃಷ್ಣರಾಜಸಾಗರದ ನಾಲೆಯ ನೀರುಂಡು ಪಾಂಡವಪುರ, ಶ್ರೀರಂಗಪಟ್ಟಣಗಳ ಬಯಲಿನಲ್ಲಿ ಬೆಳೆದ ಕಬ್ಬು ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿದು, ಅಚ್ಚುಬೆಲ್ಲವಾಗಿ ನಮ್ಮ ಉದರವನ್ನು ಸೇರಿದ ಮೇಲೆ, ಅದರಿಂದ ದೇಹಕ್ಕೆ ಶಕ್ತಿಯುಂಟಾಗುವುದೆಂಬುದನ್ನು ಎಲ್ಲರೂ ಬಲ್ಲರು; ಆದರೆ ಅದೇ ಬೆಲ್ಲದ ಅಲ್ಪಾಂಶವೊಂದು ಜೀವಕೋಶದ ಕೇಂದ್ರವನ್ನು ಹೊಕ್ಕು, ಯಾವ ವಂಶವಾಹಿ ಕಾರ್ಯಪ್ರವೃತ್ತವಾಗಬೇಕು, ಯಾವುದು ಸುಮ್ಮನಿರಬೇಕು ಎಂಬ ನಿರ್ಣಯದಲ್ಲಿಯೂ ಪಾಲ್ಗೊಳ್ಳಬಲ್ಲುದೆಂಬುದು ಈಚಿನ ದಶಕಗಳ ತಿಳಿವು.

ಮಾನವನ ಒಂದೊಂದು ಜೀವಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ತಂತುವು, ರಾಟೆಯ ಕದಿರಿಗೆ ನೂಲು ಸುತ್ತಿದಂತೆ, ಹಿಸ್ಟೋನ್ ಎಂಬ ಪ್ರೋಟೀನುಗಳನ್ನು ಸುತ್ತಿಕೊಂಡಿರುತ್ತದೆ. ಹಿಸ್ಟೋನಿನಲ್ಲಿರುವ ಲೈಸಿನ್ ಘಟಕಗಳ ಧನವಿದ್ಯುದಂಶವೂ ಡಿಎನ್‌ಎಯ ಋಣವಿದ್ಯುದಂಶವೂ ಪರಸ್ಪರ ಆಕರ್ಷಿಸುವುದು ಈ ಬಿಗಿತಕ್ಕೊಂದು ಕಾರಣ. ಎರಡು ಇಂಗಾಲದ ಪರಮಾಣುಗಳುಳ್ಳ ಅಸಿಟೈಲ್ ಎಂಬ ಪುಟ್ಟ ಗುಂಪು ಲೈಸಿನ್ನಿಗೆ ಅಂಟಿದೊಡನೆ ಅದರ ಧನಾಂಶವು ಅಳಿದು, ಸುತ್ತು ಸಡಿಲಗೊಂಡು, ವಂಶವಾಹಿಯನ್ನು ಓದುವ ಕಿಣ್ವಗಳಿಗೆ ದಾರಿ ತೆರೆಯುತ್ತದೆ. ಇಂತಹ ಸಂಬಂಧವಿರಬಹುದೆಂದು ಅಮೆರಿಕದ ವಿನ್ಸೆಂಟ್ ಆಲ್‌ಫ್ರೆ 1964ರಲ್ಲಿಯೇ ಸೂಚಿಸಿದ್ದರು. ವಂಶವಾಹಿಗಳನ್ನು ಚಾಲನೆಗೊಳಿಸುವ ಪ್ರೋಟೀನೊಂದೇ ಅಸಿಟೈಲನ್ನು ಜೋಡಿಸುವ ಕಿಣ್ವವೂ ಹೌದೆಂದು 1996ರಲ್ಲಿ ಡೇವಿಡ್ ಆಲಿಸ್ ಮತ್ತು ಸಂಗಡಿಗರು ತೋರಿಸಿದ ಮೇಲೆ ಆ ಊಹೆ ದೃಢವಾಯಿತು.

ಈ ಅಸಿಟೈಲ್ ಬರುವುದಾದರೂ ಎಲ್ಲಿಂದ? ಬೆಲ್ಲದಂತಹ ಆಹಾರದಿಂದ ದೊರೆತ ಗ್ಲೂಕೋಸು ಹಂತಹಂತವಾಗಿ ಒಡೆದು, ಮೈಟೋಕಾಂಡ್ರಿಯದಲ್ಲಿ ಅಸಿಟೈಲ್ ಕೋಎನ್‌ಜೈಮ್-ಎ ಎಂಬ ಪದಾರ್ಥವಾಗುತ್ತದೆ. ಕೋಶವು ಅದನ್ನು ದಹಿಸಿ ಶಕ್ತಿಯನ್ನು ಪಡೆಯುತ್ತದೆ. ಆಹಾರ ಸಮೃದ್ಧವಾಗಿರುವಾಗ ಮಿಕ್ಕುದು ಸಿಟ್ರೇಟಿನ ರೂಪದಲ್ಲಿ ಹೊರಬಂದು, ಕಿಣ್ವವೊಂದರ ನೆರವಿನಿಂದ ಮತ್ತೆ ಮೊದಲಿನ ರೂಪವನ್ನು ತಾಳಿ, ಹಿಸ್ಟೋನುಗಳಿಗೆ ಅಸಿಟೈಲನ್ನು ಒದಗಿಸುತ್ತದೆ. ಆ ಕಿಣ್ವವನ್ನು ಕುಗ್ಗಿಸಿದರೆ ಹಿಸ್ಟೋನುಗಳ ಅಸಿಟೈಲೀಕರಣವೂ ಕುಗ್ಗುವುದೆಂದು 2009ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ವಿದಿತವಾಯಿತು. ಅಂಟಿದ ಅಸಿಟೈಲನ್ನು ಬಿಡಿಸುವ ಸರ್ಟುಯಿನ್ ಕಿಣ್ವಗಳಾದರೋ ಎನ್‌ಎಡಿ ಎಂಬ ಇನ್ನೊಂದು ಚಯಾಪಚಯ ದ್ರವ್ಯವಿಲ್ಲದೆ ಕೆಲಸ ಮಾಡಲಾರವು. ಹೀಗೆ ಜೋಡಿಸುವ ಕೈಗೂ ಬಿಡಿಸುವ ಕೈಗೂ ಕೋಶದ ಪೋಷಣಸ್ಥಿತಿಯ ಸುದ್ದಿ ತಲುಪುತ್ತಿರುತ್ತದೆ.

ಈ ವಿದ್ಯೆಗೆ ಕರ್ನಾಟಕದ ಕೊಡುಗೆಯೂ ಉಂಟು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡವು, ಅಸಿಟೈಲನ್ನು ಜೋಡಿಸುವ ಪಿ300 ಎಂಬ ಕಿಣ್ವವನ್ನು ತಡೆಯುವ ಗುಣವು ಗೇರು ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, ಮಲೆನಾಡಿನ ಮುರುಗಲಿನ ಗಾರ್ಸಿನಾಲ್, ಅರಿಸಿನದ ಕುರ್ಕುಮಿನ್ ಇವುಗಳಲ್ಲಿದೆಯೆಂದು 2003 ಮತ್ತು 2004ರಲ್ಲಿ ವರದಿಮಾಡಿತು. ಕ್ಯಾನ್ಸರಿನಲ್ಲಿ ಈ ಅಸಿಟೈಲೀಕರಣದ ಸಮತೋಲ ಕೆಡುವುದುಂಟಾದುದರಿಂದ, ಮುಂದಣ ಔಷಧಗಳ ಅನ್ವೇಷಣೆಗೆ ಇಂತಹ ಪದಾರ್ಥಗಳು ಉಪಯುಕ್ತ ಸಾಧನಗಳಾಗಿವೆ. ಆದರೆ ಪ್ರಯೋಗಶಾಲೆಯಲ್ಲಿ ಕಿಣ್ವದ ಮೇಲೆ ಕಂಡ ಪರಿಣಾಮವು ರೋಗಿಯ ಶರೀರದಲ್ಲಿಯೂ ಕಾಣುವುದೆಂಬ ನಿಯಮವಿಲ್ಲ. ನಾವುಂಡ ಕುರ್ಕುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಆದುದರಿಂದ ಅನ್ನಕ್ಕೂ ವಂಶವಾಹಿಗೂ ಇರುವ ನಂಟನ್ನು ಅರಿತು ಸಂತೋಷಪಡೋಣ. ವಂಶವಾಹಿಯನ್ನು ತಿದ್ದುತ್ತೇವೆಂದು ಪುಡಿ ಕಷಾಯಗಳನ್ನು ಮಾರುವವರ ಮಾತಿಗೆ ಮಾತ್ರ ಓದುಗರು ಮರುಳಾಗಬಾರದು.