ಗಾಜಿನ ಮನೆಯಲ್ಲಿ ಹವಳದ ಬಾಳು

ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ. ಅದರ ತುಂಬ ಉಪ್ಪುನೀರು. ತಳದ ಮರಳಿನಲ್ಲಿ ಅಂಗೈಯಗಲದ ಹಸುರು ಹೂವೊಂದು ಅರಳಿ ಮೆಲ್ಲಗೆ ತೂಗಾಡುತ್ತಿದೆ. ಅದರ ಎಸಳುಗಳ ತುದಿಗೆ ನಸುಗೆಂಪು ಬಣ್ಣ. ಸೀಗಡಿಯ ಮಾಂಸದ ಚೂರೊಂದನ್ನು ಎಸಳಿಗೆ ಸೋಕಿಸಿದರೆ ಸಾಕು, ಎಸಳುಗಳೆಲ್ಲ ಬಾಗಿ ಅದನ್ನು ಹಿಡಿಯುತ್ತವೆ, ನಡುವೆ ಬಾಯೊಂದು ತೆರೆಯುತ್ತದೆ, ಚೂರು ಕಣ್ಮರೆಯಾಗುತ್ತದೆ. ನಾವು ಹೂವೆಂದು ನೋಡಿದ್ದು ಹೂವಲ್ಲ, ಪ್ರಾಣಿ!

ಕೆಟಲಾಫಿಲಿಯ ಎಂಬುದು ಈ ಹವಳದ ಕುಲನಾಮ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದ ನುಮೆಯ ಪಟ್ಟಣದಲ್ಲಿ ರೆನೆ ಕೆಟಲ ಎಂಬ ಫ್ರೆಂಚ್ ವಿಜ್ಞಾನಿಗಳು 1956ರಲ್ಲಿ ಒಂದು ಜಲಚರ ಪ್ರದರ್ಶನಾಲಯವನ್ನು ತೆರೆದರು. ಜೀವಂತ ಹವಳಗಳನ್ನು ತೊಟ್ಟಿಯಲ್ಲಿ ಉಳಿಸಿ ಜನರಿಗೆ ತೋರಿಸಿದವರಲ್ಲಿ ಅವರು ಮೊದಲಿಗರ ಸಾಲಿಗೆ ಸೇರಿದವರು. 1971ರಲ್ಲಿ ಅಮೆರಿಕದ ಹವಳತಜ್ಞ ಜಾನ್ ವೆಲ್ಸ್ ಈ ಕುಲಕ್ಕೆ ಅವರ ಹೆಸರನ್ನೇ ಇಟ್ಟರು. ಕೆಟಲರಿಗೆ ಕಡಲು ಬಾಗಿಲಲ್ಲೇ ಇದ್ದಿತು. ಕಡಲಿಂದ ದೂರದ ಮನೆಯೊಂದರಲ್ಲಿ, ಕೆಲವು ಕೊಡ ನೀರಿನಲ್ಲಿ, ಈ ಪ್ರಾಣಿಯನ್ನು ಸಾಕುವವರ ಪಾಡೇನು?

ಮೊದಲು ಪ್ರಾಣಿಯನ್ನು ಅರಿಯೋಣ. ಹವಳದ ಒಂದೊಂದು ಜೀವಿಗೂ ಪಾಲಿಪ್ ಎಂದು ಹೆಸರು. ದಿಬ್ಬ ಕಟ್ಟುವ ಅನೇಕ ಹವಳಗಳಲ್ಲಿ ಅದು ರಾಗಿಯ ಕಾಳಿನಷ್ಟು ಚಿಕ್ಕದು. ಕೆಟಲಾಫಿಲಿಯದಂಥ ದೊಡ್ಡ ಪಾಲಿಪಿನ ಕಲ್ಲುಹವಳಗಳಲ್ಲಾದರೋ ಬರಿಗಣ್ಣಿಗೆ ಬಾಯಿ, ಸ್ಪರ್ಶಾಂಗಗಳೆಲ್ಲ ಸ್ಪಷ್ಟವಾಗಿ ಕಾಣುವುವು. ಮೃದುವಾದ ಆ ಮಾಂಸದ ಅಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ, ಎಂದರೆ ಸುಣ್ಣಕಲ್ಲಿನ, ಬಟ್ಟಲಿದೆ. (ಹೆಂಗಸರ ಸರದ ಕೆಂಪು ಹವಳ ಇದರ ದೂರದ ದಾಯಾದಿ. ಅದರ ಪಾಲಿಪಿಗೆ ಎಂಟೇ ಸ್ಪರ್ಶಾಂಗ. ಕಲ್ಲುಹವಳಗಳದು ಸಾಮಾನ್ಯವಾಗಿ ಆರರ ಲೆಕ್ಕ.) ಮಾಂಸದೊಳಗೆ ಲಕ್ಷೋಪಲಕ್ಷ ಏಕಕಣ ಪಾಚಿಗಳು ವಾಸವಾಗಿವೆ. 1881ರಲ್ಲಿ ಕಾರ್ಲ್ ಬ್ರಾಂಟ್ ಇವಕ್ಕೆ ಝೂಸಾಂಥೆಲ್ಲ ಎಂದು ಹೆಸರಿಟ್ಟರು. ಬೆಳಕಿನಿಂದ ಅವು ತಯಾರಿಸಿದ ಸಕ್ಕರೆಯ ಬಹುಭಾಗ ಹವಳಕ್ಕೆ ಸಲ್ಲುತ್ತದೆ. ಹವಳದ ಕಲ್ಮಷ ಪಾಚಿಗೆ ಗೊಬ್ಬರವಾಗುತ್ತದೆ.

ಬೆಳಕೇ ಅನ್ನವಾದಮೇಲೆ ದೀಪ ಪ್ರಖರವಾದಷ್ಟೂ ಒಳ್ಳೆಯದಲ್ಲವೆ? ಇಲ್ಲಿಯೇ ಅನೇಕರು ಎಡವಿರುವುದು. ತೆರೆ ಬಡಿಯುವ ದಿಬ್ಬದ ನೆತ್ತಿ ಕೆಟಲಾಫಿಲಿಯದ ತವರಲ್ಲ. ಅಲೆಯಿಲ್ಲದ ಕೊಲ್ಲಿಗಳ ಕೆಸರಿನಲ್ಲಿ, ಕದಡಿದ ನೀರಿನ ಮಬ್ಬು ಬೆಳಕಿನಲ್ಲಿ, ತನ್ನ ಶಂಕುವಿನಾಕಾರದ ಕಲ್ಲನ್ನು ಹೂತುಕೊಂಡು ಅದು ಬಾಳುವುದುಂಟು. ಅಂಥದನ್ನು ಬಂಡೆಯ ಮೇಲೇರಿಸಿ ಕಣ್ಣು ಕೋರೈಸುವ ದೀಪದ ಕೆಳಗಿಟ್ಟರೆ ನಡುವಿನ ಮಾಂಸ ಉಬ್ಬಿಕೊಂಡು, ಸ್ಪರ್ಶಾಂಗಗಳು ಮೋಟಾಗಿ, ಪ್ರಾಣಿ ಸೊರಗುವುದು ಕಂಡುಬಂದಿದೆ. ನೀರಿನ ಸೆಳವೂ ಹದವಾಗಿರಬೇಕು. ಜೋರಾದ ಧಾರೆ ಮಾಂಸವನ್ನು ಕಲ್ಲಿನಂಚಿಗೆ ಉಜ್ಜಿ ಹರಿಯುತ್ತದೆ; ಆ ಗಾಯಕ್ಕೆ ಕಂದುಬಣ್ಣದ ಲೋಳೆಯ ರೋಗ ತಗಲಿತೆಂದರೆ ಒಂದೆರಡು ದಿನಗಳಲ್ಲಿ ಬರಿಯ ಬಿಳಿಯ ಕಲ್ಲು ಉಳಿಯಬಹುದು.

ಇನ್ನು ನೀರಿನ ಮಾತು. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳೂ, ಅದರಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಮೂ ಇರುತ್ತವೆ. ಹವಳ ತನ್ನ ಬಟ್ಟಲನ್ನು ಕಟ್ಟುವಾಗ ಕ್ಯಾಲ್ಸಿಯಮಿನ ಜೊತೆಗೆ ನೀರಿನ ಕ್ಷಾರತೆಯನ್ನೂ ಬಳಸುತ್ತದೆ. ಲೆಕ್ಕ ಸ್ವಾರಸ್ಯವಾಗಿದೆ. ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಖರ್ಚಾದಾಗ ಅದರ ಸಂಗ್ರಹ ಕುಂದಿದ್ದು ನೂರಕ್ಕೆ ಐದರಷ್ಟೂ ಇಲ್ಲ. ಕ್ಷಾರತೆಯಾದರೋ ನೂರಕ್ಕೆ ಸುಮಾರು ನಲವತ್ತರಷ್ಟು ಇಳಿದಿರುತ್ತದೆ! ಕಡಲಿಗೆ ಇದು ಲೆಕ್ಕಕ್ಕಿಲ್ಲ; ತೊಟ್ಟಿಗೆ ಪ್ರಾಣಸಂಕಟ. ಆದುದರಿಂದಲೇ ಬಲ್ಲವರು ಕ್ಷಾರತೆಯನ್ನು ಮೇಲಿಂದ ಮೇಲೆ ಅಳೆಯುತ್ತಾರೆ.

ಈ ಕೊರತೆಯನ್ನು ತುಂಬುವ ಸುಲಭೋಪಾಯವೊಂದನ್ನು 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಪ್ರಚಾರಕ್ಕೆ ತಂದರು. ಅದು ಸುಣ್ಣದ ತಿಳಿನೀರು. ಗೋಡೆಗೆ ಬಳಿಯುವ ಸುಣ್ಣದ ಸಾರವೇ ಅದು, ಶುದ್ಧವಾದುದಾಗಿರಬೇಕು, ಅಷ್ಟೆ. ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 1.5 ಗ್ರಾಂ ಮಾತ್ರ. ತೊಟ್ಟಿಯಿಂದ ಆವಿಯಾದ ನೀರಿಗೆ ಬದಲಾಗಿ ಈ ತಿಳಿಯನ್ನು ತೊಟ್ಟುತೊಟ್ಟಾಗಿ ಇಳಿಯಬಿಟ್ಟರೆ, ಅದು ಇಂಗಾಲದ ಡೈ ಆಕ್ಸೈಡಿನೊಡನೆ ಕೂಡಿ, ಕ್ಯಾಲ್ಸಿಯಮನ್ನೂ ಕ್ಷಾರತೆಯನ್ನೂ ಹವಳ ಬಳಸಿದ ಪ್ರಮಾಣದಲ್ಲಿಯೇ ಹಿಂದಿರುಗಿಸುತ್ತದೆ. ಒಮ್ಮೆಗೇ ಸುರಿದರೆ ಮಾತ್ರ ತೊಟ್ಟಿಯ ಜೀವಿಗಳು ಸುಟ್ಟಂತೆಯೇ.

ಕಲ್ಮಷದ ನಿವಾರಣೆಗೆ ದಾರಿ ತೋರಿಸಿದವರು ಜಕಾರ್ತದ ಲೀ ಚಿನ್ ಎಂಗ್. 1961ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಕಡಲಿನ ರಂಧ್ರಮಯ ಬಂಡೆ, ಬಿಸಿಲು, ಗಾಳಿಗುಳ್ಳೆ ಇಷ್ಟೇ ಸಲಕರಣೆ. ಬಂಡೆಯ ರಂಧ್ರಗಳ ಬ್ಯಾಕ್ಟೀರಿಯಗಳೇ ಅಲ್ಲಿಯ ಜಾಡಮಾಲಿಗಳು.

ರಾತ್ರಿ ದೀಪವಾರಿದ ಮೇಲೆ ಈ ತೊಟ್ಟಿಯನ್ನು ನೋಡಬೇಕು. ಹಗಲೆಲ್ಲ ಸಾಧುವಾಗಿದ್ದ ಗೆಲಾಕ್ಸಿಯ ಎಂಬ ಹವಳ ಗೇಣುದ್ದದ ತೆಳು ಎಳೆಗಳನ್ನು ಚಾಚಿ, ಕುಟುಕುಕಣಗಳಿಂದ ನೆರೆಯ ಹವಳವನ್ನು ಸುಡುತ್ತದೆ. ಜಾಗಕ್ಕಾಗಿ ನಡೆಯುವ ಈ ಕಾಳಗವನ್ನು ತಪ್ಪಿಸಲು ಹವಳಗಳ ನಡುವೆ ಧಾರಾಳವಾಗಿ ಅಂತರ ಬಿಡಬೇಕು.

ಎಲ್ಲಕ್ಕಿಂತ ಭಯಂಕರ ಶತ್ರು ಸೆಕೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಖವಾಗಿರುವ ಹವಳ, ನೀರು ಮಿತಿಮೀರಿ ಬಿಸಿಯಾದರೆ ತನ್ನ ಪಾಚಿಗಳನ್ನು ಹೊರದೂಡಿ ಬೆಳ್ಳಗಾಗುತ್ತದೆ. ಬೇಗನೆ ತಂಪಾಗದಿದ್ದರೆ ಹಸಿದು ಸಾಯುತ್ತದೆ. ತೊಟ್ಟಿಗೆ ಫ್ಯಾನು ಹಾಕಬಹುದು. ಸಾಗರಕ್ಕೆ? 2024ರ ಏಪ್ರಿಲಿನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯು ನಾಲ್ಕನೆಯ ಜಾಗತಿಕ ಹವಳ ಬಿಳುಪೇರಿಕೆಯನ್ನು ಸಾರಿತು.

ಇದನ್ನೋದಿ ನಮ್ಮ ವಿದ್ಯಾರ್ಥಿಗಳು ಹವಳ ತರಲು ಹೊರಡಬಾರದು. 2001ರಲ್ಲಿ ಭಾರತ ಸರ್ಕಾರವು ಎಲ್ಲ ಕಲ್ಲುಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ, ಎಂದರೆ ಹುಲಿಯ ಸಾಲಿಗೆ, ಸೇರಿಸಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಗಳನ್ನು ಅಲ್ಲಿಯೇ, ನೀರಿನೊಳಗೇ ನೋಡಬೇಕು. ಇಂಥ ತೊಟ್ಟಿಗಳಿಗೆ ಅನುಮತಿಯಿರುವ ಅಮೆರಿಕ, ಯೂರೋಪುಗಳಲ್ಲಿಯೂ ಸಮುದ್ರದಿಂದ ಕಿತ್ತು ತರುವುದಕ್ಕೆ ಬದಲಾಗಿ, ಕವಲೊಡೆಯುವ ಹವಳಗಳ ಕೊಂಬೆಯನ್ನು ಗರಗಸದಿಂದ ಕೊಯ್ದು ತೊಟ್ಟಿಯಲ್ಲಿಯೇ ಹೊಸ ಹವಳ ಬೆಳೆಸುವವರು ಬಹಳ ಮಂದಿ ಇದ್ದಾರೆ. ಕೆಟಲಾಫಿಲಿಯಕ್ಕೆ ಕವಲಿಲ್ಲ, ಗರಗಸವು ನೇರವಾಗಿ ಮಾಂಸದ ನಡುವೆಯೇ ಹಾಯಬೇಕಾಗುವುದರಿಂದ, ಅದನ್ನು ಕೊಯ್ಯಲು ಪಳಗಿದ ಕೈಗಳೂ ಹಿಂಜರಿಯುತ್ತವೆ.