ಲೂಪಸ್ ವ್ಯಾಧಿ ಮತ್ತು ಮೆದುಳಿನ ತರಂಗಗಳು

ಶರೀರವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಶರೀರದ ಮೇಲೆ ತಿರುಗಿಬೀಳುವ ವ್ಯಾಧಿಗೆ ಲೂಪಸ್ ಎಂದು ಹೆಸರು. ಇದಕ್ಕೆ ಗುರಿಯಾದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಕೀಲುನೋವು, ಕೆನ್ನೆಯ ಕೆಂಪು, ಮೂತ್ರಪಿಂಡಗಳ ತೊಂದರೆ ಇವೆಲ್ಲ ಬೇಗ ಗಮನಕ್ಕೆ ಬರುತ್ತವೆ. ಮೆದುಳಿಗೂ ಇದು ತಟ್ಟಬಲ್ಲುದೆಂಬುದು ಮನೆಯವರಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಹಾಗೆ ತಟ್ಟಿದಾಗ ಒಬ್ಬರಿಗೆ ಅಪಸ್ಮಾರ, ಮತ್ತೊಬ್ಬರಿಗೆ ಮರೆವು, ಇನ್ನೊಬ್ಬರಿಗೆ ಇಲ್ಲದ ದನಿ ಕೇಳಿಸುವ ಚಿತ್ತಭ್ರಮೆ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯು 1999ರಲ್ಲಿ ಇಂತಹ 19 ಬಗೆಗಳನ್ನು ಗುರುತಿಸಿತು. ಅಚ್ಚುಕಟ್ಟಾಗಿ ಸಂಸಾರ ನಡೆಸುತ್ತಿದ್ದ ಹೆಣ್ಣುಮಗಳು ಒಲೆಯ ಮೇಲಿನ ಹಾಲನ್ನು ಮರೆತು ಗೋಡೆ ನೋಡುತ್ತ ಕುಳಿತರೆ, ಗಾಳಿ ಸೋಕಿದೆ ಎನ್ನುವವರು ನಮ್ಮಲ್ಲಿದ್ದಾರೆ. ಕೆಲಸ ತಪ್ಪಿಸುವ ನಟನೆ ಎನ್ನುವವರೂ ಇದ್ದಾರೆ. ಎರಡನೆಯ ಮಾತೇ ಹೆಚ್ಚು ಕ್ರೂರವೆಂದು ನಮಗೆ ತೋರುತ್ತದೆ.

ಇಂತಹ ಹೊತ್ತಿನಲ್ಲಿ ಇ.ಇ.ಜಿ. ಪರೀಕ್ಷೆ ನೆರವಿಗೆ ಬರುತ್ತದೆ. ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್ ಅವರು 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ತರಂಗಗಳನ್ನು ಮೊದಲಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ತಲೆಗೆ ಸಣ್ಣ ಲೋಹದ ಬಿಲ್ಲೆಗಳನ್ನು ಅಂಟಿಸಿ ಮಾಡುವ ಈ ಪರೀಕ್ಷೆಯಲ್ಲಿ ನೋವಿಲ್ಲ. ಕರೆಂಟು ಕೊಡುತ್ತಾರೆಂಬ ಭಯವೂ ಬೇಡ. ಯಂತ್ರವು ಮೆದುಳಿನಲ್ಲಿ ಹುಟ್ಟಿದ್ದನ್ನು ಬರೆದುಕೊಳ್ಳುತ್ತದೆಯೇ ಹೊರತು ಒಳಕ್ಕೆ ಏನನ್ನೂ ಹರಿಸುವುದಿಲ್ಲ.

ಎಚ್ಚರವಾಗಿದ್ದು ಕಣ್ಣು ಮುಚ್ಚಿ ಕುಳಿತ ಆರೋಗ್ಯವಂತ ವಯಸ್ಕರಲ್ಲಿ, ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಅಲೆಗಳು ಕಾಣುತ್ತವೆ. ಲೂಪಸ್ ಮೆದುಳಿಗೆ ತಟ್ಟಿದವರಲ್ಲಿ ಸಾಮಾನ್ಯವಾಗಿ ಕಾಣುವ ವ್ಯತ್ಯಾಸವೆಂದರೆ ಮಂದಗತಿ: ಸೆಕೆಂಡಿಗೆ 4ರಿಂದ 7, ಕೆಲವೊಮ್ಮೆ ಇನ್ನೂ ಕಡಿಮೆ. ನಿದ್ರೆಗೆ ಸಲ್ಲುವ ಗತಿ ಎಚ್ಚರದಲ್ಲಿಯೇ ಬಂದಂತೆ. ಕೆಲವರಲ್ಲಿ ಅಪಸ್ಮಾರವನ್ನು ಸೂಚಿಸುವ ಮೊನಚಾದ ಅಲೆಗಳೂ ಏಳುತ್ತವೆ. ಕೈಕಾಲು ಅದುರದೆ, ಬಾಯಲ್ಲಿ ನೊರೆ ಬಾರದೆ ಮೆದುಳಿನೊಳಗೇ ಅಪಸ್ಮಾರ ನಡೆಯುತ್ತಿರಬಹುದು. ನೋಡುವವರಿಗೆ ಅದು ಬರಿಯ ಮಂಕು. ಅದನ್ನು ಖಚಿತವಾಗಿ ಹಿಡಿದುಕೊಡುವುದು ಈ ಗೆರೆಗಳೇ.

ಆದರೆ ಗೆರೆಗಳು ರೋಗದ ಹೆಸರನ್ನು ಹೇಳುವುದಿಲ್ಲ. ಸೋಂಕು, ಮೂತ್ರಪಿಂಡಗಳ ವೈಫಲ್ಯ, ಕೆಲವು ಔಷಧಿಗಳು ಇವುಗಳಿಂದಲೂ ಅಲೆಗಳು ಮಂದವಾಗುತ್ತವೆ. ಗೆರೆ ಸರಿಯಿದ್ದ ಮಾತ್ರಕ್ಕೆ ಮೆದುಳಿಗೆ ಲೂಪಸ್ ತಟ್ಟಿಲ್ಲವೆನ್ನಲಾಗದು. ಆದುದರಿಂದಲೇ ವೈದ್ಯರು ರಕ್ತಪರೀಕ್ಷೆ, ಎಂ.ಆರ್.ಐ., ಬೇಕಾದರೆ ಬೆನ್ನುಹುರಿಯ ದ್ರವದ ಪರೀಕ್ಷೆ ಮಾಡಿಸುತ್ತಾರೆ. ಕಾರಣ ಲೂಪಸ್ಸೇ ಆದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಬೇಕಾಗಬಹುದು. ಸೋಂಕಾಗಿದ್ದರೆ ಅದೇ ಔಷಧಿ ಅಪಾಯ ತರಬಹುದು.

ಸ್ಟೀರಾಯ್ಡ್ ಮಾತ್ರೆಗಳಿಂದಲೂ ಕೆಲವರ ಮನಸ್ಸು ಕದಡುವುದುಂಟು. ಹಾಗೆಂದು ಮನೆಯಲ್ಲಿಯೇ ಅವನ್ನು ಥಟ್ಟನೆ ನಿಲ್ಲಿಸಕೂಡದು, ಪ್ರಾಣಕ್ಕೇ ಕುತ್ತಾದೀತು. ಯಾವ ದಿನದಿಂದ ನಡವಳಿಕೆ ಬದಲಾಯಿತು, ಯಾವ ಮಾತ್ರೆ ಎಷ್ಟು ನುಂಗುತ್ತಿದ್ದಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ರೋಗಿಯನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.